ಮರುಭೂಮಿಯಲ್ಲಿ ಟ್ಯಾಂಕುಗಳ ಮಾರುವೇಷ

ಅಡಗಿಕೊಳ್ಳುವ ವಿದ್ಯೆ ಯುದ್ಧದಷ್ಟೇ ಪುರಾತನವಾದುದು. ದಟ್ಟವಾದ ಕಾಡು, ಬೆಟ್ಟದ ಓರೆ, ಆಳೆತ್ತರ ಬೆಳೆದ ಜೋಳದ ಹೊಲ, ಇವುಗಳಲ್ಲಿ ಯಾವುದಾದರೊಂದು ಆಸರೆ ದೊರೆತರೆ ಸಣ್ಣ ಪಡೆಯೊಂದು ಶತ್ರುವಿನ ಕಣ್ಣಿಗೆ ಬೀಳದೆ ದಿನಗಟ್ಟಲೆ ಉಳಿಯಬಲ್ಲದು. ಆದರೆ ಮರವಿಲ್ಲದ, ಮನೆಯಿಲ್ಲದ, ದಿಗಂತದಿಂದ ದಿಗಂತದವರೆಗೆ ಬರಿಯ ಮರಳೂ ಕಲ್ಲೂ ಹರಡಿರುವ ನೆಲದಲ್ಲಿ ಅಡಗುವುದಾದರೂ ಎಲ್ಲಿ? ಅಡಗಬೇಕಾದುದು ಒಬ್ಬ ಸೈನಿಕನಲ್ಲ. ಸುಮಾರು 10 ಅಡಿ ಎತ್ತರದ, 27 ಟನ್ನುಗಳಷ್ಟು ತೂಗುವ ಉಕ್ಕಿನ ಟ್ಯಾಂಕು. ಅದೂ ಒಂದೆರಡಲ್ಲ, ನೂರಾರು. 1940ರಿಂದ 1943ರವರೆಗೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಕಾದಾಡಿದ ಸೇನೆಗಳಿಗೆ ಎದುರಾದ ಪ್ರಶ್ನೆಯಿದು. ಅದಕ್ಕೆ 1942ರ ಶರತ್ಕಾಲದಲ್ಲಿ ಈಜಿಪ್ಟಿನ ಎಲ್ ಅಲಮೇನ್ ಎಂಬಲ್ಲಿ ದೊರೆತ ಉತ್ತರ ಯುದ್ಧಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ.

ಮರುಭೂಮಿಯಲ್ಲಿ ಟ್ಯಾಂಕನ್ನು ಬಯಲಿಗೆಳೆಯುವ ಸಂಗತಿಗಳು ಯಾವುವೆಂಬುದನ್ನು ಮೊದಲು ತಿಳಿಯಬೇಕು. ಸಾಮಾನ್ಯವಾಗಿ ಎಲ್ಲರೂ ಮೊದಲು ಹೆಸರಿಸುವುದು ಬಣ್ಣವನ್ನು. ವಾಸ್ತವದಲ್ಲಿ ಬಣ್ಣ ಅಷ್ಟು ಮುಖ್ಯವಲ್ಲ. ವಿಮಾನದಲ್ಲಿ ಕುಳಿತು ಕೆಳಗೆ ನೋಡುವವನಿಗೆ, ಅಥವಾ ಆ ವಿಮಾನದಿಂದ ತೆಗೆದ ಕಪ್ಪು ಬಿಳುಪಿನ ಛಾಯಾಚಿತ್ರವನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸುವವನಿಗೆ, ಎಲ್ಲಕ್ಕಿಂತ ಮೊದಲು ಕಾಣುವುದು ನೆರಳು. ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲಿನಲ್ಲಿ ಟ್ಯಾಂಕಿನ ನೆರಳು ಅದರ ಎತ್ತರಕ್ಕಿಂತ ಹಲವು ಪಟ್ಟು ಉದ್ದವಾಗಿ, ಕಪ್ಪು ಶಾಯಿಯಿಂದ ಬರೆದಂತೆ ಮರಳಿನ ಮೇಲೆ ಬೀಳುತ್ತದೆ. ಗೋಪುರ, ತೋಪಿನ ಕೊಳವೆ, ಎಲ್ಲವೂ ಆ ನೆರಳಿನಲ್ಲಿಯೇ ಸ್ಪಷ್ಟ. ಎರಡನೆಯದು ಜಾಡು. ಉಕ್ಕಿನ ಪಟ್ಟಿಯ ಮೇಲೆ ಚಲಿಸುವ ಈ ವಾಹನ ಹೋದೆಡೆಯಲ್ಲೆಲ್ಲ ಎರಡು ಅಗಲವಾದ ಗೆರೆಗಳನ್ನು ಕೊರೆದುಬಿಡುತ್ತದೆ. ಲಾರಿಯ ಗಾಲಿಯ ಗುರುತಿಗೂ ಇದಕ್ಕೂ ಇರುವ ಅಂತರವನ್ನು ಅನುಭವವುಳ್ಳ ಕಣ್ಣು ತಟ್ಟನೆ ಗುರುತಿಸುತ್ತದೆ. ಟ್ಯಾಂಕು ಎಷ್ಟೇ ಜಾಣತನದಿಂದ ಮರೆಯಾಗಿದ್ದರೂ ಜಾಡನ್ನು ಹಿಡಿದು ಹೊರಟರೆ ಅದರ ಕೊನೆಯಲ್ಲಿ ಅದು ಸಿಕ್ಕೇ ಸಿಗುತ್ತದೆ. ಇನ್ನು ಧೂಳು: ಹಗಲಿನಲ್ಲಿ ಟ್ಯಾಂಕುಗಳ ಸಾಲು ಚಲಿಸಿದರೆ ಏಳುವ ಧೂಳಿನ ಕಂಬ ಹರದಾರಿಗಳಾಚೆಯಿಂದಲೂ ಕಾಣುತ್ತದೆ. ಗಾಜಿನ, ಲೋಹದ ಮಿಂಚೂ ಹಾಗೆಯೇ.

ಹೀಗಿದ್ದರೂ ಸೇನೆಗಳು ಮೊದಲು ಕೈಹಾಕಿದ್ದು ಬಣ್ಣಕ್ಕೇ. 1941ರ ಆರಂಭದಲ್ಲಿ ಟ್ರಿಪೊಲಿಯಲ್ಲಿ ಬಂದಿಳಿದ ಜರ್ಮನ್ ಟ್ಯಾಂಕುಗಳು ಯೂರೋಪಿನ ಹವೆಗೆ ತಕ್ಕ ಕಡು ಬೂದುಬಣ್ಣದವು. ಹಳದಿ ಮರಳಿನ ಮೇಲೆ ಅವು ಹಾಲಿನಲ್ಲಿ ಬಿದ್ದ ನೊಣದಂತೆ ಎದ್ದು ಕಾಣುತ್ತಿದ್ದವು. ತಕ್ಕ ಬಣ್ಣ ಬರುವ ತನಕ ಸೈನಿಕರು ಎಣ್ಣೆ ಸವರಿ, ಮಣ್ಣು ಮೆತ್ತಿ ಕಾಲ ನೂಕಿದರು. ಬ್ರಿಟಿಷರ ಕಡೆ 1940-41ರಲ್ಲಿ ಮೂರು ಬಣ್ಣಗಳ ಓರೆಯಾದ, ನೇರ ಅಂಚಿನ ಪಟ್ಟೆಗಳನ್ನು ಬಳಿಯುವ ಕ್ರಮವಿತ್ತು. ಟ್ಯಾಂಕಿನ ಆಕಾರವನ್ನು ಒಡೆದು ತೋರಿಸಿ ನೋಡುವವನ ಕಣ್ಣಿಗೆ ಗೊಂದಲವುಂಟುಮಾಡುವುದು ಅದರ ಉದ್ದೇಶ. ಬಳಿಕ 1942ರಲ್ಲಿ ನಸುಗೆಂಪು ಬಣ್ಣವೂ ಬಂದಿತು. ಮರುಭೂಮಿಯಲ್ಲಿ ಗುಲಾಬಿ ಬಣ್ಣದ ಟ್ಯಾಂಕೆಂದರೆ ನಗು ಬರಬಹುದು. ಆದರೆ ಉದಯಾಸ್ತಗಳ ಬೆಳಕಿನಲ್ಲಿ ಮರಳುಗಾಡನ್ನು ಕಂಡವರಿಗೆ ಅದರ ಔಚಿತ್ಯ ಹೊಳೆಯದಿರದು.

ಈ ಪ್ರಯತ್ನಗಳಿಗೆ ಪ್ರಾಣಿಶಾಸ್ತ್ರದ ಬೆಂಬಲವೂ ಇತ್ತು. ಪ್ರಾಣಿಗಳ ಬೆನ್ನು ಕಪ್ಪಾಗಿಯೂ ಹೊಟ್ಟೆ ಬೆಳ್ಳಗೂ ಇರುವುದು ಆಕಸ್ಮಿಕವಲ್ಲ, ಮೇಲಿನಿಂದ ಬೀಳುವ ಬೆಳಕನ್ನೂ ಕೆಳಗಿನ ನೆರಳನ್ನೂ ಸರಿದೂಗಿಸಿ ದೇಹದ ಉಬ್ಬನ್ನು ಚಪ್ಪಟೆಯಾಗಿ ಕಾಣಿಸುವ ಉಪಾಯವದು ಎಂಬುದನ್ನು ಅಮೆರಿಕದ ಚಿತ್ರಕಾರ ಅಬಟ್ ಥೇಯರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ತೋರಿಸಿಕೊಟ್ಟಿದ್ದ. 1940ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹ್ಯೂ ಕಾಟ್ ಪ್ರಾಣಿಗಳ ವರ್ಣಹೊಂದಾಣಿಕೆಯನ್ನು ಕುರಿತು ಬೃಹದ್ಗ್ರಂಥವೊಂದನ್ನು ಪ್ರಕಟಿಸಿದರು. ಕಪ್ಪೆ, ಹಲ್ಲಿ, ಪತಂಗಗಳನ್ನು ಅಭ್ಯಸಿಸಿದ ಆ ವಿದ್ವಾಂಸರೇ ಮುಂದೆ ಈಜಿಪ್ಟಿನ ಹೆಲ್ವಾನ್‌ನಲ್ಲಿದ್ದ ಸೇನಾ ತರಬೇತಿ ಕೇಂದ್ರದಲ್ಲಿ ಅಧಿಕಾರಿಗಳಿಗೆ ಮರೆಮಾಚುವ ವಿದ್ಯೆಯನ್ನು ಬೋಧಿಸಿದರು. ಆ ವಿಭಾಗದ ಮುಖ್ಯಸ್ಥ ಜೆಫ್ರಿ ಬಾರ್ಕಸ್ ಚಲನಚಿತ್ರ ನಿರ್ದೇಶಕ. ಅವರ ಸಹಾಯಕರಲ್ಲಿ ಬಹುಮಂದಿ ಚಿತ್ರಕಾರರು ಮತ್ತು ಶಿಲ್ಪಿಗಳು. ಸೈನ್ಯದ ಹಳಬರು ಮೊದಮೊದಲು ಇವರನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬುದು ಸಹಜವೇ.

ಗೋಸುಂಬೆಗೆ ಒದಗುವ ಅನುಕೂಲ ಟ್ಯಾಂಕಿಗೆ ಒದಗದು. ಗೋಸುಂಬೆ ಚಿಕ್ಕದು, ಎಲೆಗಳ ನಡುವೆ ಅಲುಗದೆ ಕೂರಬಲ್ಲದು, ಅದರ ನೆರಳು ಎಲೆಗಳ ನೆರಳಿನಲ್ಲಿ ಕರಗಿಹೋಗುತ್ತದೆ. ಬಯಲಿನಲ್ಲಿ ನಿಂತ ಟ್ಯಾಂಕಿಗೆ ಎಷ್ಟು ಬಣ್ಣ ಬಳಿದರೂ ನೆರಳು ಅಳಿಯುವುದಿಲ್ಲ. ಇದನ್ನು ಮನಗಂಡ ಮೇಲೆ ಯೋಚನೆ ಬೇರೆಯ ದಾರಿಯನ್ನು ಹಿಡಿಯಿತು. ಟ್ಯಾಂಕು ಕಾಣದಂತೆ ಮಾಡುವುದು ಅಸಾಧ್ಯವಾದರೆ, ಅದು ಟ್ಯಾಂಕೆಂದು ತಿಳಿಯದಂತೆ ಮಾಡಬಹುದಲ್ಲವೆ? ಈ ಉಪಾಯ ಭಾರತೀಯರಿಗೆ ಹೊಸದಲ್ಲ. ಅಜ್ಞಾತವಾಸದ ವರ್ಷವನ್ನು ಪಾಂಡವರು ಗುಹೆಯಲ್ಲಿ ಅಡಗಿ ಕಳೆಯಲಿಲ್ಲ. ವಿರಾಟನ ಅರಮನೆಯಲ್ಲಿ, ಎಲ್ಲರ ಕಣ್ಣೆದುರಿಗೇ ಕಳೆದರು. ಭೀಮನ ಮೈಕಟ್ಟನ್ನು ಬಚ್ಚಿಡಲು ಯಾರಿಂದಲೂ ಆಗುತ್ತಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತ ವಲಲನನ್ನು ಭೀಮನೆಂದು ಯಾರೂ ಭಾವಿಸಲಿಲ್ಲ.

ಟ್ಯಾಂಕನ್ನು ಲಾರಿಯಂತೆ ತೋರಿಸಬೇಕೆಂಬ ಸಲಹೆ ಬಂದದ್ದು ಮಧ್ಯಪ್ರಾಚ್ಯದ ಬ್ರಿಟಿಷ್ ಸೇನೆಗಳ ದಂಡನಾಯಕ ಜನರಲ್ ವೇವೆಲ್ ಅವರಿಂದ. ಮುಂದೆ 1943ರಲ್ಲಿ ಭಾರತದ ವೈಸ್‌ರಾಯ್ ಆಗಿ ಬಂದ ವೇವೆಲ್ ಇವರೇ. 1941ರಲ್ಲಿ ಅವರು ಕಾಗದದ ಮೇಲೆ ಒಂದು ಒರಟು ರೇಖಾಚಿತ್ರ ಬಿಡಿಸಿ ಇದು ಸಾಧ್ಯವೆ ಎಂದು ಕೇಳಿದರು. ಮೊದಲ ಮಾದರಿಯನ್ನು ಮರದಿಂದ ಮಾಡಿದಾಗ ಅದನ್ನು ಎತ್ತಲು ಹನ್ನೆರಡು ಜನ ಬೇಕಾಯಿತಂತೆ. ಅನಂತರ ಹಗುರವಾದ ಉಕ್ಕಿನ ಕೊಳವೆಯ ಚೌಕಟ್ಟಿಗೆ ಬಣ್ಣ ಬಳಿದ ಕ್ಯಾನ್ವಾಸನ್ನು ಹೊದಿಸಿ ಎರಡು ಹೋಳುಗಳಾಗಿ ರಚಿಸಿದರು. ಟ್ಯಾಂಕಿನ ಇಕ್ಕೆಲಗಳಲ್ಲಿ ಈ ಹೋಳುಗಳನ್ನು ನಿಲ್ಲಿಸಿ ಜೋಡಿಸಿದರೆ ಮೇಲಿನಿಂದ ನೋಡುವವನಿಗೆ ಅದು ಸಾಮಾನು ಸಾಗಿಸುವ ದೊಡ್ಡ ಲಾರಿ. ಹೊರಡುವ ವೇಳೆ ಬಂದಾಗ ಹೋಳುಗಳನ್ನು ಬಿಚ್ಚಿ ಬದಿಗೆ ಕೆಡವಿದರಾಯಿತು. ಬಿಸಿಲಿಗೆ ಹಿಡಿದ ಛತ್ರಿಯಂತಿದ್ದ ಈ ಸಾಧನವನ್ನು 'ಸನ್‌ಶೀಲ್ಡ್' ಎಂದು ಕರೆದರು. ಇದರಲ್ಲಿ ನೆರಳಿನ ಸಮಸ್ಯೆಗೂ ಪರಿಹಾರ ದೊರಕಿತು ಎಂಬುದು ಗಮನಾರ್ಹ. ನೆರಳನ್ನು ಅಳಿಸಲಿಲ್ಲ, ಬದಲಿಗೆ ಲಾರಿಯ ನೆರಳು ಬೀಳುವಂತೆ ಮಾಡಿದರು.

ಆದರೆ ಎದುರಿದ್ದವನೂ ಸಾಮಾನ್ಯನಲ್ಲ. ಜರ್ಮನ್ ಸೇನಾಪತಿ ರೊಮೆಲ್ 1941ರಲ್ಲಿ ಆಫ್ರಿಕಕ್ಕೆ ಬಂದೊಡನೆ ಮಾಡಿದ ಕೆಲಸಗಳಲ್ಲೊಂದು, ಫೋಕ್ಸ್‌ವ್ಯಾಗನ್ ಕಾರುಗಳ ಮೇಲೆ ಮರ ಮತ್ತು ಬಟ್ಟೆಯ ಹುಸಿ ಟ್ಯಾಂಕುಗಳನ್ನು ಕಟ್ಟಿಸಿ ತನ್ನ ಬಲವನ್ನು ದೊಡ್ಡದಾಗಿ ತೋರಿಸಿಕೊಂಡದ್ದು. ಬ್ರಿಟಿಷರೂ ಅದೇ ವರ್ಷ ಮಿಶೀಫಾ ಬಳಿ ಹುಸಿ ರೈಲು ದಾರಿಯನ್ನೂ ಹುಸಿ ನಿಲ್ದಾಣವನ್ನೂ ನಿರ್ಮಿಸಿ, ನಿಜವಾದ ನಿಲ್ದಾಣದ ಮೇಲೆ ಬೀಳಬೇಕಾದ ನೂರಕ್ಕೂ ಮಿಕ್ಕ ಬಾಂಬುಗಳು ಅದರ ಮೇಲೆ ಬೀಳುವಂತೆ ಮಾಡಿದ್ದರು. ಎರಡೂ ಪಕ್ಷಗಳಿಗೆ ಎರಡೂ ಆಟಗಳು ಗೊತ್ತಿದ್ದವು. ಇಂತಹ ಸನ್ನಿವೇಶದಲ್ಲಿ ಒಂದು ಲಾರಿಯನ್ನೋ ಒಂದು ಟ್ಯಾಂಕನ್ನೋ ಹುಸಿಯಾಗಿ ತೋರಿಸಿ ಪ್ರಯೋಜನವಿರಲಿಲ್ಲ.

1942ರ ಬೇಸಗೆಯಲ್ಲಿ ರೊಮೆಲ್ ಈಜಿಪ್ಟಿನೊಳಕ್ಕೆ ನುಗ್ಗಿ ಅಲೆಕ್ಸಾಂಡ್ರಿಯ ನಗರದ ಸಮೀಪದವರೆಗೂ ಬಂದು ಅಲಮೇನ್‌ನಲ್ಲಿ ನಿಂತಿದ್ದ. ಆ ಸ್ಥಳದ ಭೂಸ್ವರೂಪ ವಿಲಕ್ಷಣವಾದುದು. ಉತ್ತರಕ್ಕೆ ಮೆಡಿಟರೇನಿಯನ್ ಸಮುದ್ರ, ದಕ್ಷಿಣಕ್ಕೆ ವಾಹನಗಳು ದಾಟಲಾರದ ಕತ್ತಾರಾ ತಗ್ಗು. ನಡುವೆ ಸುಮಾರು 40 ಮೈಲಿಗಳ ರಣರಂಗ. ಮರುಭೂಮಿಯ ಬೇರೆಡೆಗಳಲ್ಲಿ ಶತ್ರುವಿನ ಪಕ್ಕವನ್ನು ಬಳಸಿ ಹಿಂದಿನಿಂದ ಹೊಡೆಯುವುದು ರೂಢಿ. ಇಲ್ಲಿ ಬಳಸಲು ಪಕ್ಕವೇ ಇಲ್ಲ; ಎದುರೆದುರೇ ನುಗ್ಗಬೇಕು. ಶತ್ರುವಾದರೋ ಸುಮಾರು ನಾಲ್ಕೂವರೆ ಲಕ್ಷ ನೆಲಬಾಂಬುಗಳನ್ನು ಹೂತು ಕಾದಿದ್ದ. ಆಗಸ್ಟ್ ತಿಂಗಳಲ್ಲಿ ಎಂಟನೆಯ ಸೇನೆಯ ಅಧಿಪತ್ಯ ವಹಿಸಿಕೊಂಡ ಮಾಂಟ್‌ಗೊಮರಿಯ ಮುಂದೆ ಉಳಿದಿದ್ದುದು ಒಂದೇ ಮಾರ್ಗ: ಉತ್ತರ ಭಾಗದಲ್ಲಿ ಪ್ರಬಲವಾದ ಹೊಡೆತ ಕೊಡುವುದು, ಅದೇ ವೇಳೆ ಹೊಡೆತ ದಕ್ಷಿಣದಲ್ಲಿ ಬೀಳುವುದೆಂದು ಶತ್ರುವನ್ನು ನಂಬಿಸುವುದು. ಮುಹೂರ್ತ ಅಕ್ಟೋಬರ್ 23ರ ರಾತ್ರಿ, ಮರುದಿನ ಹುಣ್ಣಿಮೆ. ನೆಲಬಾಂಬುಗಳನ್ನು ಹುಡುಕಿ ತೆಗೆಯುವವರಿಗೆ ಆ ಬೆಳಕು ಬೇಕಿತ್ತು.

ಸೆಪ್ಟೆಂಬರ್ ಮಧ್ಯದಲ್ಲಿ ಬಾರ್ಕಸ್ ಮತ್ತು ಚಿತ್ರಕಾರ ಟೋನಿ ಏರ್ಟನ್ ಅವರನ್ನು ಸೇನೆಯ ಪ್ರಧಾನ ಕಾರ್ಯಾಲಯಕ್ಕೆ ಕರೆಸಲಾಯಿತು. ಉತ್ತರದ ಸಿದ್ಧತೆಗಳನ್ನು ಮುಚ್ಚಿಡಬೇಕು. ಮುಚ್ಚಿಡಲಾಗದುದನ್ನು ಅಲ್ಪವೆಂದು ತೋರಿಸಬೇಕು. ದಕ್ಷಿಣದಲ್ಲಿ ದೊಡ್ಡ ಸಿದ್ಧತೆ ನಡೆಯುತ್ತಿರುವಂತೆ ಕಾಣಬೇಕು. ಆ ಸಿದ್ಧತೆ ನವೆಂಬರ್ ಮೊದಲ ವಾರದ ಹೊತ್ತಿಗಷ್ಟೇ ಪೂರ್ಣವಾಗುವುದೆಂದು ಶತ್ರು ಲೆಕ್ಕಹಾಕುವಂತಿರಬೇಕು. ಇದು ಅವರಿಗೆ ದೊರೆತ ಆದೇಶ. ಇದ್ದ ಕಾಲಾವಕಾಶ ಐದು ವಾರಗಳಷ್ಟು. ಚಿತ್ರ ತೆಗೆಯುವವನೊಬ್ಬನಿಗೆ ಇಡೀ ರಣರಂಗವನ್ನೇ ರಂಗಸಜ್ಜಿಕೆಯಾಗಿ ಒಪ್ಪಿಸಿದಂತಾಯಿತು, ಪ್ರೇಕ್ಷಕ ಮಾತ್ರ ಶತ್ರುವಿನ ವೈಮಾನಿಕ.

ಟ್ಯಾಂಕುಗಳಿಗಿಂತ ಮುಂಚೆ ಅವುಗಳ ಆಹಾರವನ್ನು ಬಚ್ಚಿಡಬೇಕಾಗಿತ್ತು. ಸಾವಿರಾರು ಟನ್ನು ಪೆಟ್ರೋಲ್ ಒಂದೆಡೆ ರಾಶಿ ಬಿದ್ದರೆ ಟ್ಯಾಂಕುಗಳು ಅಲ್ಲಿಗೆ ಬರಲಿವೆಯೆಂದು ಡಂಗುರ ಸಾರಿದಂತೆ. ಅಲಮೇನ್ ಪ್ರದೇಶದಲ್ಲಿ ಹಿಂದೆ ತೋಡಿ ಒಳಗೋಡೆಗೆ ಕಲ್ಲು ಕಟ್ಟಿದ್ದ ನೂರು ಕಿರುಗಂದಕಗಳಿದ್ದವು. ಏರ್ಟನ್ ಮತ್ತು ಅವರ ಜೊತೆಗಾರ, ವ್ಯಂಗ್ಯಚಿತ್ರಕಾರ ಬ್ರಯನ್ ರಾಬ್, ಅವುಗಳನ್ನು ಕಂಡು ಯೋಚಿಸಿದರು. ಕಂದಕದ ಗೋಡೆಗೆ ಒತ್ತಿದಂತೆ ಪೆಟ್ರೋಲ್ ಡಬ್ಬಿಗಳನ್ನು ಒಂದು ಸಾಲು ಜೋಡಿಸಿದರೆ ಕಂದಕದೊಳಗಿನ ನೆರಳು ತುಸು ಕಿರಿದಾಗುತ್ತದೆಯೇ ಹೊರತು ಬೇರಾವ ವ್ಯತ್ಯಾಸವೂ ಕಾಣುವುದಿಲ್ಲ. ಆ ಕಂದಕಗಳನ್ನು ಶತ್ರು ತಿಂಗಳುಗಳಿಂದ ನೋಡುತ್ತಿದ್ದುದರಿಂದ ಅವುಗಳ ವಿಷಯದಲ್ಲಿ ಅವನಿಗೆ ಕುತೂಹಲವೇ ಉಳಿದಿರಲಿಲ್ಲ. ಸ್ವಪಕ್ಷದ ವೈಮಾನಿಕರನ್ನೇ ಕಳಿಸಿ ಹುಡುಕಿಸಿದಾಗ ಅವರಿಗೂ ಏನೂ ಕಾಣಲಿಲ್ಲ. ಹೀಗೆ 2000 ಟನ್ ಪೆಟ್ರೋಲ್ ಬಟ್ಟಬಯಲಿನಲ್ಲಿ ಮರೆಯಾಯಿತು. ಆಹಾರದ ಪೆಟ್ಟಿಗೆಗಳನ್ನು ಲಾರಿಯ ಆಕಾರದಲ್ಲಿ ಪೇರಿಸಿ ಮೇಲೆ ಬಲೆ ಹೊದಿಸಿದರು. ದೂರದಿಂದ ನೋಡಿದರೆ ಬಲೆಯ ಕೆಳಗೆ ನಿಂತ ಲಾರಿಗಳು. ಲಾರಿ ನಿಂತಿರುವುದು ಸೇನೆಯ ಹಿಂಬದಿಯಲ್ಲಿ ಯಾರ ಸಂಶಯಕ್ಕೂ ಕಾರಣವಾಗದ ದೃಶ್ಯ.

ಇಡೀ ಯೋಜನೆಯ ಜೀವಾಳವಾದ ತತ್ತ್ವ ಇಲ್ಲಿಯೇ ಇದೆ. ಕಣ್ಣು ಹುಡುಕುವುದು ಬದಲಾವಣೆಯನ್ನು. ನಿನ್ನೆ ಇದ್ದುದು ಇಂದೂ ಇದ್ದರೆ ಮನಸ್ಸು ಅದನ್ನು ದಾಟಿ ಮುಂದೆ ಹೋಗುತ್ತದೆ. ಉತ್ತರದಲ್ಲಿ ಟ್ಯಾಂಕುಗಳು ಹೊರಡಬೇಕಾಗಿದ್ದ ನೆಲೆಗೆ 'ಮಾರ್ಟೆಲೊ' ಎಂಬ ಗುಪ್ತನಾಮವಿತ್ತು. ಟ್ಯಾಂಕುಗಳು ಬರುವುದಕ್ಕೆ ಎರಡು ವಾರಗಳಿಗೂ ಮೊದಲೇ ಅಲ್ಲಿ ಸಾವಿರಾರು ನಿಜವಾದ ಲಾರಿಗಳನ್ನೂ ಹುಸಿ ಲಾರಿಗಳನ್ನೂ 722 ಖಾಲಿ ಸನ್‌ಶೀಲ್ಡ್‌ಗಳನ್ನೂ ಹರಡಿ ನಿಲ್ಲಿಸಿದರು. ಶತ್ರುವಿನ ವಿಮಾನಗಳು ಬಂದು ಚಿತ್ರ ತೆಗೆದುಕೊಂಡು ಹೋದವು. ಮೊದಲ ದಿನ ಅನುಮಾನ ಹುಟ್ಟಿದ್ದಿರಬಹುದು. ಆದರೆ ದಿನ ಕಳೆದಂತೆ ಅಲ್ಲಿ ಏನೂ ನಡೆಯಲಿಲ್ಲ. ಲಾರಿಗಳು ನಿಂತಲ್ಲೇ ನಿಂತಿದ್ದವು. ತೋಪುಗಳಿಗೂ ಇದೇ ಉಪಾಯ. 360 ತೋಪುಗಳು ತಮ್ಮ ಗಾಡಿಗಳೊಡನೆ ಹುಸಿ ಲಾರಿಗಳ ಹೊಟ್ಟೆಯೊಳಗೆ ಸೇರಿಕೊಂಡವು. ಒಂದನ್ನೊಂದು ನುಂಗುವ ಈ ಏರ್ಪಾಟಿಗೆ 'ನರಭಕ್ಷಕ' ಎಂಬರ್ಥದ ಹೆಸರನ್ನಿಟ್ಟದ್ದು ಸೈನಿಕರ ಹಾಸ್ಯಪ್ರವೃತ್ತಿಗೆ ನಿದರ್ಶನ.

ಟ್ಯಾಂಕುಗಳು ಅಕ್ಟೋಬರ್ 18ರಿಂದ ಹಿಂಬದಿಯ ಬೇರೊಂದು ನೆಲೆಗೆ ಬಹಿರಂಗವಾಗಿಯೇ ಬಂದು ಸೇರಿದವು. ಅಲ್ಲಿಂದ ಅವು ದಕ್ಷಿಣಕ್ಕೆ ಹೋಗಬಹುದೆಂದು ಯಾರಾದರೂ ಭಾವಿಸುವಂತಿತ್ತು. ದಾಳಿಗೆ ಮುಂಚಿನ ರಾತ್ರಿಗಳಲ್ಲಿ ಅವು ದೀಪವಿಲ್ಲದೆ ಮಾರ್ಟೆಲೊಗೆ ಸಾಗಿದವು. ಪ್ರತಿಯೊಂದು ಟ್ಯಾಂಕಿಗೂ ಅದರದೇ ಸನ್‌ಶೀಲ್ಡ್ ಗೊತ್ತುಮಾಡಲಾಗಿತ್ತು. ಕತ್ತಲಲ್ಲಿ ತಡಕಾಡದಂತೆ ಸಿಬ್ಬಂದಿ ಮೊದಲೇ ಬಂದು ಜಾಗವನ್ನು ನೋಡಿ, ಜೋಡಿಸುವುದನ್ನು ಅಭ್ಯಾಸಮಾಡಿಕೊಂಡಿದ್ದರು. ಬೆಳಗಾಗುವುದರೊಳಗೆ ಟ್ಯಾಂಕು ಕ್ಯಾನ್ವಾಸಿನೊಳಗೆ ಸೇರಿ, ಬಂದ ಜಾಡು ಅಳಿಸಿಹೋಗಿರಬೇಕು. ಒಂದೇ ಒಂದು ಟ್ಯಾಂಕಿನ ಜಾಡು ಉಳಿದು, ಅದು ಲಾರಿಯೊಂದರ ಬಾಗಿಲಲ್ಲಿ ಹೋಗಿ ನಿಂತಿರುವುದು ಚಿತ್ರದಲ್ಲಿ ಕಂಡಿದ್ದರೆ ಉಳಿದ ಏಳುನೂರರ ಗುಟ್ಟೂ ರಟ್ಟಾಗುತ್ತಿತ್ತು. ಎಷ್ಟೋ ಸಾವಿರ ಜನರ ಜೀವ ಆ ರಾತ್ರಿ ಮರಳು ಗುಡಿಸಿದವರ ಶ್ರದ್ಧೆಯನ್ನು ಅವಲಂಬಿಸಿತ್ತೆಂದರೆ ಅತಿಶಯೋಕ್ತಿಯಲ್ಲ.

ಟ್ಯಾಂಕುಗಳು ಬಿಟ್ಟುಬಂದ ಹಳೆಯ ನೆಲೆ ಖಾಲಿ ಕಾಣಬಾರದಲ್ಲ! ಆದುದರಿಂದ ಅದೇ ರಾತ್ರಿ ಅಲ್ಲಿ ಹುಸಿ ಟ್ಯಾಂಕುಗಳು ಎದ್ದುನಿಂತವು. ಅಷ್ಟೊಂದು ಹುಸಿ ಟ್ಯಾಂಕುಗಳಿಗೆ ಬೇಕಾದ ಮರವೂ ಉಕ್ಕೂ ಯುದ್ಧಕಾಲದಲ್ಲಿ ದೊರೆಯುವಂತಿರಲಿಲ್ಲ. ಈಜಿಪ್ಟಿನ ಹಳ್ಳಿಗಾಡಿನ ಕುಶಲಕರ್ಮಿಗಳು ತಾಳೆಜಾತಿಯ ಮರಗಳ ಗರಿಯ ದಿಂಡುಗಳಿಂದ ಮಂಚಗಳನ್ನು ಹೆಣೆಯುವುದುಂಟು. ಆ ಹೆಣಿಗೆಯ ತಟ್ಟಿಗಳೇ ಹುಸಿ ಟ್ಯಾಂಕುಗಳ ಅಸ್ಥಿಪಂಜರಗಳಾದವು. ಕೆಲವೇ ವಾರಗಳಲ್ಲಿ ಸುಮಾರು 400 ಹುಸಿ ಟ್ಯಾಂಕುಗಳೂ 100 ಹುಸಿ ತೋಪುಗಳೂ 2000ದಷ್ಟು ಹುಸಿ ವಾಹನಗಳೂ ಸಿದ್ಧವಾದವು. ನಮ್ಮ ಕಡೆ ತೆಂಗಿನ ಗರಿಯಿಂದ ಮದುವೆಯ ಚಪ್ಪರ ಕಟ್ಟುವವರ ಕೈಚಳಕಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಅವರ ಹೆಸರುಗಳು ಯಾವ ಇತಿಹಾಸದಲ್ಲಿಯೂ ದಾಖಲಾಗಿಲ್ಲ.

ದಕ್ಷಿಣದಲ್ಲಿ ನಡೆದುದು ಇದಕ್ಕೆ ತದ್ವಿರುದ್ಧವಾದ ಕೆಲಸ. ಸೇನೆಯೊಂದು ಮರುಭೂಮಿಯಲ್ಲಿ ಎಲ್ಲಿಗೆ ಹೋಗಬೇಕಾದರೂ ನೀರು ಬೇಕು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ದಕ್ಷಿಣ ದಿಕ್ಕಿಗೆ ನೀರಿನ ಕೊಳವೆ ಮಾರ್ಗವೊಂದರ ಕೆಲಸ ಪ್ರಾರಂಭವಾಯಿತು. ಸುಮಾರು ಐದು ಮೈಲಿಗಳ ಉದ್ದಕ್ಕೆ ಕಾಲುವೆ ತೋಡಿ ಬದಿಯಲ್ಲಿ ಕೊಳವೆಗಳನ್ನು ಮಲಗಿಸುವರು. ಕೊಳವೆಗಳೆಂದರೆ ಖಾಲಿ ಪೆಟ್ರೋಲ್ ಡಬ್ಬಿಗಳನ್ನು ಬಡಿದು ಜೋಡಿಸಿದವು. ರಾತ್ರಿ ಕಾಲುವೆಯನ್ನು ಮುಚ್ಚಿ ಅವೇ ಕೊಳವೆಗಳನ್ನು ಮುಂದಿನ ಭಾಗಕ್ಕೆ ಸಾಗಿಸುವರು. ಮೇಲಿನಿಂದ ನೋಡುವವನಿಗೆ ಒಂದು ಭಾಗದ ಕೆಲಸ ಮುಗಿದು ಮುಂದಿನದು ಆರಂಭವಾದಂತೆ. ಅಲ್ಲಲ್ಲಿ ಹುಸಿ ಪಂಪುಮನೆಗಳು, ನೀರಿನ ತೊಟ್ಟಿಗಳು. ದಿನಕ್ಕೆ ಎಷ್ಟು ದೂರ ಸಾಗುತ್ತಿದೆಯೆಂದು ಅಳೆದು ನೋಡಿದರೆ ಕೊಳವೆ ಮಾರ್ಗ ನವೆಂಬರ್ ಮೊದಲ ವಾರದಲ್ಲಿ ಮುಗಿಯಬೇಕು. ಅಲ್ಲಿಯವರೆಗೆ ದಾಳಿ ನಡೆಯದೆಂದು ಶತ್ರುವೇ ತೀರ್ಮಾನಿಸಬೇಕು. ಬಾಯಿಂದ ಹೇಳಿದ ಸುಳ್ಳನ್ನು ಯಾರಾದರೂ ಸಂಶಯಿಸುತ್ತಾರೆ, ತಾವೇ ಲೆಕ್ಕಹಾಕಿ ಕಂಡುಕೊಂಡ ಸುಳ್ಳನ್ನು ಸಂಶಯಿಸುವವರು ವಿರಳ. ಕೊಳವೆ ಮಾರ್ಗದ ಸಮೀಪದಲ್ಲಿ ಏಳುನೂರರಷ್ಟು ಹುಸಿ ಸಾಮಗ್ರಿಯ ರಾಶಿಗಳು ಬಿದ್ದವು. ಸಾಲದೆಂಬಂತೆ ಅಲ್ಲಿ ದೊಡ್ಡ ಸೇನೆಯಿದ್ದಂತೆ ನಿಸ್ತಂತು ಸಂದೇಶಗಳೂ ಹರಿದಾಡಿದವು.

ಮುನಾಸಿಬ್ ತಗ್ಗಿನಲ್ಲಿ ನಡೆದ ಆಟ ಇನ್ನೂ ಸೂಕ್ಷ್ಮವಾದುದು. ಅಲ್ಲಿ ಹುಸಿ ತೋಪುಗಳ ಸಾಲೊಂದನ್ನು ನಿಲ್ಲಿಸಿ, ಕೆಲವು ದಿನಗಳ ಬಳಿಕ ಅವುಗಳ ಮೇಲಿನ ಹೊದಿಕೆಯನ್ನು ಬೇಕೆಂದೇ ಅಲಕ್ಷಿಸಿದರು. ಗಾಳಿಗೆ ಬಟ್ಟೆ ಹರಿದು, ಒಳಗಿನ ಕಡ್ಡಿಗಳು ಕಂಡು, ಇವು ಹುಸಿಯೆಂದು ಶತ್ರುವಿಗೆ ನಿಶ್ಚಯವಾಗಲೆಂಬುದೇ ಉದ್ದೇಶ. ಹಾಗೆ ನಿಶ್ಚಯವಾಗಲು ಅವಕಾಶ ಕೊಟ್ಟ ಮೇಲೆ ರಾತ್ರಿಯ ವೇಳೆ ಆ ಹುಸಿ ತೋಪುಗಳ ಜಾಗದಲ್ಲಿ ನಿಜವಾದ ತೋಪುಗಳನ್ನು ತಂದು ನಿಲ್ಲಿಸಿದರು. ಯುದ್ಧ ನಡೆದಾಗ ಆ 'ಕಡ್ಡಿಯ ತೋಪುಗಳು' ಬೆಂಕಿಯುಗುಳಿದವು.

ಅಕ್ಟೋಬರ್ 23ರ ರಾತ್ರಿ 9 ಗಂಟೆ 40 ನಿಮಿಷಕ್ಕೆ ಸುಮಾರು 900 ತೋಪುಗಳು ಒಮ್ಮೆಗೇ ಗುಂಡು ಹಾರಿಸಿದವು. ಆ ವೇಳೆಗೆ ರೊಮೆಲ್ ರಣರಂಗದಲ್ಲಿಯೇ ಇರಲಿಲ್ಲ, ಅನಾರೋಗ್ಯದ ನಿಮಿತ್ತ ಯೂರೋಪಿಗೆ ಹೋಗಿದ್ದ. ಅವನ ಸ್ಥಾನದಲ್ಲಿದ್ದ ಜನರಲ್ ಷ್ಟುಮೆ ಮರುದಿನವೇ ಹೃದಯಾಘಾತದಿಂದ ಮೃತನಾದ. ರೊಮೆಲ್ 25ರ ಸಂಜೆ ಧಾವಿಸಿ ಬಂದ. ಜರ್ಮನರ ಎರಡು ಪ್ರಬಲ ಪ್ಯಾಂಜರ್ ಡಿವಿಷನ್‌ಗಳಲ್ಲಿ ಒಂದಾದ 21ನೆಯದು ದಕ್ಷಿಣದಲ್ಲಿಯೇ ಕಾದು ಕುಳಿತಿತ್ತು. ಉತ್ತರದ್ದೇ ಮುಖ್ಯ ದಾಳಿಯೆಂದು ಖಚಿತವಾಗಿ ಅದನ್ನು ಅತ್ತ ಕಳುಹಿಸುವ ಹೊತ್ತಿಗೆ ಮೂರು ದಿನಗಳು ಕಳೆದಿದ್ದವು. ನವೆಂಬರ್ 4ರಂದು ಶತ್ರುವಿನ ವ್ಯೂಹ ಮುರಿಯಿತು. ಅದೇ ತಿಂಗಳ 11ರಂದು ಚರ್ಚಿಲ್ ಬ್ರಿಟಿಷ್ ಸಂಸತ್ತಿನಲ್ಲಿ ಮಾತನಾಡುತ್ತ ಈ ವಿಜಯದಲ್ಲಿ ಮರೆಮಾಚುವ ಕಲೆಯ ಪಾತ್ರವನ್ನು ವಿಶೇಷವಾಗಿ ಹೊಗಳಿದರು.

ಆದರೆ ಈ ಹೊಗಳಿಕೆಯನ್ನು ಅಳತೆಮೀರಿ ಹಿಗ್ಗಿಸಬಾರದು. ಮಾಂಟ್‌ಗೊಮರಿಯ ಬಳಿ ಸಾವಿರಕ್ಕೂ ಮಿಕ್ಕಿ ಟ್ಯಾಂಕುಗಳಿದ್ದವು. ಎದುರಾಳಿಯ ಬಳಿ ಅದರ ಅರ್ಧದಷ್ಟು. ಆ ಮೇಲುಗೈ ಇದ್ದೂ, ಶತ್ರು ಮೋಸಹೋಗಿದ್ದೂ, ಹೋರಾಟ ಹನ್ನೆರಡು ದಿನ ನಡೆಯಿತು. ಎಂಟನೆಯ ಸೇನೆಯಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 13,500 ಮಂದಿ. ರುವೈಸಾತ್ ದಿಣ್ಣೆಯನ್ನು ಕಾಯುತ್ತಿದ್ದ ನಾಲ್ಕನೆಯ ಇಂಡಿಯನ್ ಡಿವಿಷನ್ನಿನ ನಮ್ಮ ದೇಶದ ಯೋಧರೂ ಆ ಸೇನೆಯಲ್ಲಿದ್ದರು. ಕ್ಯಾನ್ವಾಸು ಕಳಚಿದ ಮೇಲೆ ಟ್ಯಾಂಕು ಟ್ಯಾಂಕೇ. ನೆಲಬಾಂಬುಗಳು ಯಾವ ಮಾರುವೇಷಕ್ಕೂ ಮರುಳಾಗಲಿಲ್ಲ. ಮಾರುವೇಷ ಗಳಿಸಿಕೊಟ್ಟದ್ದು ಮೊದಲ ಮೂರು ದಿನಗಳನ್ನು. ಆ ಮೂರು ದಿನಗಳು ದೊರೆಯದಿದ್ದರೆ ಮಡಿದವರ ಸಂಖ್ಯೆ ಎಷ್ಟಾಗುತ್ತಿತ್ತೆಂದು ಲೆಕ್ಕಹಾಕಬಲ್ಲವರು ಯಾರೂ ಇಲ್ಲ.

ಇನ್ನೊಂದು ಮಾತನ್ನೂ ಇಲ್ಲಿ ಸ್ಪಷ್ಟಪಡಿಸಬೇಕು. ಜಾಸ್ಪರ್ ಮ್ಯಾಸ್ಕಲಿನ್ ಎಂಬ ಇಂದ್ರಜಾಲಗಾರನೇ ಮರುಭೂಮಿಯ ಈ ಮಾಯೆಯನ್ನೆಲ್ಲ ಸೃಷ್ಟಿಸಿದನೆಂದು, ಸೂಯೆಜ್ ಕಾಲುವೆಯನ್ನೇ ಮಾಯಮಾಡಿದನೆಂದು ಹೇಳುವ ರೋಚಕ ಪುಸ್ತಕಗಳಿವೆ. ಆತ ಬಾರ್ಕಸ್‌ರ ವಿಭಾಗದಲ್ಲಿ ಕೆಲಕಾಲ ಇದ್ದುದೂ, ಸನ್‌ಶೀಲ್ಡ್‌ನ ಭಾರವಾದ ಮೊದಲ ಮಾದರಿಯನ್ನು ಮಾಡಿದುದೂ ಉಂಟು. ಉಳಿದುದರಲ್ಲಿ ಬಹುಭಾಗ ಅವನೇ ಕಟ್ಟಿದ ಕಥೆಯೆಂದು ದಾಖಲೆಗಳನ್ನು ಪರಿಶೀಲಿಸಿದವರು ತೋರಿಸಿದ್ದಾರೆ. ಜನರಿಗೆ ಮಂತ್ರದಂಡ ಬೀಸುವವನೇ ಇಷ್ಟ. ಡಬ್ಬಿ ಬಡಿದು ಕೊಳವೆ ಮಾಡಿದ ಕೂಲಿಯಾಳುಗಳ ಕಥೆ ಅಷ್ಟು ಬೇಗ ಹರಡುವುದಿಲ್ಲ.

ಅಲಮೇನ್‌ನ ನಂತರವೂ ಮರುಭೂಮಿಯ ಕಟ್ಟಳೆ ಬದಲಾಗಲಿಲ್ಲ. 1971ರ ಡಿಸೆಂಬರ್ 5ರ ಮುಂಜಾನೆ ರಾಜಸ್ಥಾನದ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ಬೆಳಕು ಹರಿಯುವಾಗ ಬಯಲಿನಲ್ಲಿ ಸಿಕ್ಕಿಬಿದ್ದವು. ಜೈಸಲ್ಮೇರಿನಿಂದ ಹಾರಿಬಂದ ಭಾರತೀಯ ವಾಯುಪಡೆಯ ಹಂಟರ್ ವಿಮಾನಗಳಿಗೆ ಅವುಗಳನ್ನು ಹುಡುಕುವ ಶ್ರಮವೇ ಇರಲಿಲ್ಲ. ಆ ದಿನ ಮೇಲಿನಿಂದ ತೆಗೆದ ಛಾಯಾಚಿತ್ರದಲ್ಲಿ, ಪೆಟ್ಟಿನಿಂದ ತಪ್ಪಿಸಿಕೊಳ್ಳಲು ಸುತ್ತುಸುತ್ತಾಗಿ ಓಡಿದ ಟ್ಯಾಂಕುಗಳ ಜಾಡು ರಂಗೋಲಿ ಎಳೆದಂತೆ ಮರಳಿನ ಮೇಲೆ ಮೂಡಿದೆ.

1991ರ ಕೊಲ್ಲಿ ಯುದ್ಧದಲ್ಲಿ ಇರಾಕಿನವರು ಟ್ಯಾಂಕುಗಳನ್ನು ಕುತ್ತಿಗೆಯವರೆಗೆ ಮರಳಿನಲ್ಲಿ ಹೂತು ನಿಲ್ಲಿಸಿದ್ದರು. ಕಣ್ಣಿಗೆ ಅವು ಬಹುಮಟ್ಟಿಗೆ ಕಾಣುತ್ತಿರಲಿಲ್ಲ. ಆದರೆ ಹೊತ್ತು ಮುಳುಗಿದ ಮೇಲೆ ಮರಳು ಬೇಗನೆ ತಣಿಯುತ್ತದೆ, ಹಗಲೆಲ್ಲ ಬಿಸಿಲುಂಡ ದಪ್ಪ ಉಕ್ಕು ನಿಧಾನವಾಗಿ ತಣಿಯುತ್ತದೆ. ಶಾಖದಿಂದ ಹೊಮ್ಮುವ ಅವಕೆಂಪು ಕಿರಣಗಳನ್ನು ಗ್ರಹಿಸುವ ಉಪಕರಣವಿದ್ದ ಅಮೆರಿಕದ ಎಫ್-111 ವಿಮಾನಗಳಿಗೆ, ತಣ್ಣನೆಯ ಮರಳಿನ ನಡುವೆ ಆ ಟ್ಯಾಂಕುಗಳು ಬೂದಿಯಲ್ಲಿ ಉಳಿದ ಕೆಂಡದಂತೆ ಕಂಡವು. ಲೇಸರ್ ಕಿರಣದಿಂದ ಗುರಿ ಹಿಡಿದು ಹಾಕಿದ ಬಾಂಬುಗಳಿಂದ ಅವು ರಾತ್ರಿ ರಾತ್ರಿಯೂ ಒಂದೊಂದಾಗಿ ನಾಶವಾದವು. ನೆರಳನ್ನು ಗೆದ್ದವರಿಗೆ ಈಗ ಶಾಖ ಎದುರಾಯಿತು.

ಅದಕ್ಕೂ ಪ್ರತಿವಿದ್ಯೆ ಬೆಳೆದಿದೆ. ಶಾಖವನ್ನೂ ರೇಡಾರ್ ಅಲೆಗಳನ್ನೂ ತಡೆಯುವ ಬಲೆಗಳನ್ನು ಸ್ವೀಡನ್ ಮೊದಲಾದ ದೇಶಗಳು ತಯಾರಿಸುತ್ತಿವೆ. 2011ರಲ್ಲಿ ಬಿಎಇ ಸಿಸ್ಟಮ್ಸ್ ಸಂಸ್ಥೆ 'ಅಡಾಪ್ಟಿವ್' ಎಂಬ ಹೊದಿಕೆಯೊಂದನ್ನು ಪ್ರದರ್ಶಿಸಿತು. ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡದಾದ ಷಟ್ಕೋನಾಕಾರದ ಬಿಲ್ಲೆಗಳನ್ನು ಯುದ್ಧವಾಹನದ ಪಕ್ಕಕ್ಕೆ ಜೇನುಗೂಡಿನಂತೆ ಜೋಡಿಸಲಾಗಿತ್ತು. ಪ್ರತಿಯೊಂದು ಬಿಲ್ಲೆಯನ್ನೂ ಬೇಕಾದಂತೆ ಬಿಸಿ ಮಾಡಬಹುದು, ತಣಿಸಬಹುದು. ಸುತ್ತಲ ನೆಲದ ಉಷ್ಣತೆಯನ್ನೇ ಅನುಕರಿಸಿ ವಾಹನವನ್ನು ಮರೆಯಾಗಿಸುವುದು ಅದರ ಒಂದು ಪ್ರಯೋಗ. ಇನ್ನೊಂದು ಪ್ರಯೋಗದಲ್ಲಿ, ಶಾಖವನ್ನು ಕಾಣುವ ಉಪಕರಣದ ಪರದೆಯ ಮೇಲೆ ಯುದ್ಧವಾಹನದ ಬದಲು ಕಾಣಿಸಿಕೊಂಡದ್ದು ಒಂದು ಸಾಧಾರಣ ಮೋಟಾರು ಕಾರು.